ಗಲ್ಲದ ಬಂಗು

ಯೆರವಡಾ, ಪುಣೆ

ಸಾವಕ್ಕನಿಗೆ ತಂಗಿಯ ನಮಸ್ಕಾರ.

ನಿನ್ನೆ ಗಂಡಿನವರು ಬಂದಿದ್ದರು. ನೀನು ಕಳಿಸಿದ ಕ್ರೀಮು ಹಚ್ಚಿ ಗಲ್ಲದ ಮೇಲಿನ ಕಪ್ಪು ಬಂಗು ಮುಚ್ಚಿದ್ದೆ. ಹುಡುಗ ಮಾಂತು ಒಂದು ಮಾತೂ ಆಡಲಿಲ್ಲ. ನಾನು ಮನಸ್ಸಿಗೆ ಬರಲಿಲ್ಲ ಅಂದುಕೊಂಡೆ. ಹೊರಡುವಾಗ ಅವನ ತಾಯಿ ನನ್ನ ಗಲ್ಲಕ್ಕೆ ಕಲಸಿದ ಅರಿಶಿಣ ಹಚ್ಚಿದರು. ಕ್ರೀಮು ಅವರ ಬೆರಳಿಗೆ ಬಂತು, ಬಂಗು ಕಾಣಿಸಿತು. ನಾನು ಸೆರಗಿನಿಂದ ಗಲ್ಲ ಮುಚ್ಚಿಕೊಂಡೆ.

ಅವರು ಮಗನನ್ನು ಕರೆದರು. “ಮಾಂತ್ಯಾ, ದಿನಾ ಬಜಾರಕ್ಕ ಕಾಯಿಪಲ್ಯಾ ತರಾಕ ಹೋಗಿ ದೂರಿಂದ ನೋಡ್ಕೊಂಡು ಬರ್ತಿದ್ದ್ಯಲ್ಲ, ಗಲ್ಲದ ಮ್ಯಾಲ ಬಂಗು ಐತಿ ಅಂತಿದ್ದ ಆ ಹುಡುಗಿ ಈಕಿನ ಅದಾಳ. ಬ್ಯಾರೇದಾಕಿನ್ನ ತೋರ್ಸ್ಯಾರಂತ ಸುಮ್ಮನ ಮಾರಿ ಸಣ್ಣ ಮಾಡ್ಕೊಂಡು ಕುಂತಿದ್ದಿ.”

ಎಲ್ಲರೂ ನಕ್ಕರು. ನನಗೆ ಹೋದ ಜೀವ ಬಂದಂತಾಯಿತು.

ರವಿವಾರ ಮಾತುಕತೆಗೆ ಬರುತ್ತಾರೆ. ನೀನು ಬೆಳಿಗ್ಗೆಯೇ ಬಾ. ನಿನ್ನೆ ನಾನು ತಲೆ ಎತ್ತಲೇ ಇಲ್ಲ, ಅವನ ಮುಖ ಇನ್ನೂ ನೋಡಿಲ್ಲ. ನೀನು ನೋಡಿ ಹೇಳು.

ನಿನ್ನ ತಂಗಿ
ಶಿವಲೀಲಾ