ಸಂದರ್ಶನದ ಹೊತ್ತಿಗೆ ಹೊಲಕ್ಕೆ ಹೋಗು

ಅಣ್ಣಾ,

ನಾನು ಬೈಲಹೊಂಗಲದ ಬಸ್ಸಿಗೆ ಹೊರಟೆ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ನಿನ್ನ ಮಗಳು ಶೈಲಶ್ರೀಗೂ ಕೊಡು.

ಹನ್ನೊಂದು ಗಂಟೆಗೆ, ವಿದೇಶಕ್ಕೆ ಓದಲು ಕಳಿಸುವ ಆ ಸಂಸ್ಥೆಯವರು ಅವಳನ್ನು ವಿಡಿಯೋದಲ್ಲಿ ಮತ್ತೊಮ್ಮೆ ಮಾತಾಡಿಸುತ್ತಾರೆ. ಇದು ಕೊನೆಯ ಅವಕಾಶ.

ಹೋದ ಸಲ "ಆರು ತಿಂಗಳ ಓದು ಮುಗಿದ ಮೇಲೆ ಏನು ಮಾಡ್ತೀರಿ?" ಎಂದು ಅವರು ಕೇಳಿದ್ದು ಅವಳನ್ನು. ನೀನು ನಡುವೆ ಮುಖ ತೂರಿಸಿ, "ವಾಪಸ್ ಯಾಕ ಬರ್ತಾಳ್ರಿ? ಭಾಳ ಶಾಣ್ಯಾಕಿ, ಅಲ್ಲೇ ನೌಕರಿ ಹಿಡೀತಾಳ!" ಎಂದೆ. ಅವರಿಗೆ ಬೇಕಾದದ್ದು ಓದಿ ಮರಳುವವರು.

ಇವತ್ತು ಆ ಹೊತ್ತಿಗೆ ಹೊಲಕ್ಕೆ ಹೋಗು. ಕಬ್ಬಿನ ಮುಂದೆ ಮಗಳನ್ನು ಎಷ್ಟಾದರೂ ಹೊಗಳು, ಅದು ಯಾರಿಗೂ ಹೇಳುವುದಿಲ್ಲ.

ಹೋಗುವ ಮುಂಚೆ ಒಂದು ಕೆಲಸ. ನಿನ್ನೆ ಅವಳು, "ಅತ್ತಿ, ನಾ ವಾಪಸ್ ಬರೂದು ಅಪ್ಪಗ ಬ್ಯಾಡೇನು?" ಎಂದು ಕೇಳಿದಳು. ಉತ್ತರ ನೀನೇ ಹೇಳು.

ರಂಜನಾ