ಎರಡನೆಯ ಸಲದ ಒಪ್ಪಿಗೆ

ಬೇಲೂರು
೧೨–೧೧–೧೯೬೭

ಸಂಪತ್ಕುಮಾರ್ ಅವರಿಗೆ,

ಹೆಸರು ಹಿಡಿದು ಬರೆದೆನೆಂದು ಹುಬ್ಬೇರಿಸಬೇಡಿ. ಗಂಡನ ಹೆಸರು ಹೇಳಬಾರದು, ನಿಜ. ಆದರೆ ನೀವು ಸತ್ತು ಹತ್ತು ತಿಂಗಳಾಯಿತು.

ಜನವರಿಯಲ್ಲಿ ಹವಾಯಿಯಿಂದ ತಂತಿ ಬಂತು. ಅಲೆಯ ಮೇಲೆ ಹಲಗೆ ಓಡಿಸುವಾಗ ನೀವು ಸಮುದ್ರದ ಪಾಲಾದಿರಿ, ದೇಹ ಸಿಕ್ಕಿಲ್ಲ ಎಂದು. ಹಳೇಬೀಡಿನಲ್ಲಿ ಮಾವನವರು ದರ್ಭೆಯಿಂದ ನಿಮ್ಮ ಆಕೃತಿ ಕಟ್ಟಿ ಅದಕ್ಕೇ ಬೆಂಕಿಯಿಟ್ಟರು. ಹತ್ತನೆಯ ದಿನ ನನ್ನ ತಾಳಿ ತೆಗೆಸಿದರು, ಬಳೆ ಒಡೆಸಿದರು. ತಲೆಗೂದಲು ಉಳಿದದ್ದು ಅಪ್ಪ ಬಂದು ಜಗಳಕ್ಕೆ ನಿಂತದ್ದರಿಂದ. ಅವರೇ ನನ್ನನ್ನು ಇಲ್ಲಿಗೆ ಕರೆತಂದರು.

ಈಗ ನಿಮ್ಮ ಕಾಗದ! ಮಾರನೆಯ ದಿನವೇ ಮೀನುಗಾರರು ನಿಮ್ಮನ್ನು ಎತ್ತಿಕೊಂಡರಂತೆ. ನಮಗೆ ತಂತಿ ಹೋದದ್ದೂ ಗೊತ್ತಿತ್ತಂತೆ. ಬದುಕಿದ್ದೇನೆಂದು ಬರೆದರೆ ವಾಪಸು ಬಾ ಎಂದು ಹಟ ಹಿಡಿಯುತ್ತೇವೆಂದು ಸುಮ್ಮನಿದ್ದಿರಂತೆ. ಎಂಥ ಕಲ್ಲು ಮನಸ್ಸು ರೀ ನಿಮ್ಮದು? ಹವಾಯಿಗೆ ಕರೆಸಿಕೊಂಡ ಹಡಗಿನ ಕಂಪನಿಯ ಗುಮಾಸ್ತಗಿರಿ ಬಿಟ್ಟು ಅಲೆ ಹತ್ತಿದಿರಿ, ಪಂದ್ಯ ಗೆದ್ದಿರಿ, ಹಲಗೆ ಮಾಡುವವರು ಸಂಬಳ ಕೊಟ್ಟು ಇಟ್ಟುಕೊಂಡರು. ಆಗೆಲ್ಲ ನಿಮ್ಮ ಫೋಟೊ ಹಿಡಿದು ಬೀದಿಯಲ್ಲಿ ಮೆರೆದವಳು ನಾನೇ. ಈಗ ಆ ಅಲೆಗಳು ಸಪ್ಪೆಯಂತೆ. ಚಳಿಗಾಲದಲ್ಲಿ ನಮ್ಮ ಗುಡಿಯ ಗೋಪುರದ ಅರ್ಧಕ್ಕೆ ಏಳುವ ಅಲೆಗಳೇ ಬೇಕಂತೆ. ಅವನ್ನೂ ಹತ್ತಿ ಇಳಿದು ಮಾರ್ಚ್‌ನಲ್ಲಿ ಬರುತ್ತೀರಂತೆ.

ಬನ್ನಿ. ಪುರೋಹಿತರು ಶಾಸ್ತ್ರ ನೋಡಿದ್ದಾರೆ. ಕರ್ಮ ಮುಗಿದವನು ಹಿಂದಿರುಗಿದರೆ ಮತ್ತೆ ಹುಟ್ಟಬೇಕಂತೆ. ಜಾತಕರ್ಮ, ನಾಮಕರಣ, ಉಪನಯನ ಎಲ್ಲವೂ ಆಗಬೇಕು. ಮೂವತ್ತೈದು ವರ್ಷದ ಕೂಸಿಗೆ ತೊಟ್ಟಿಲು ಎಲ್ಲಿಂದ ತರುತ್ತಾರೋ ಕಾಣೆ. ಕೊನೆಗೆ ನನ್ನನ್ನೇ ಮತ್ತೆ ಮದುವೆಯಾಗಬೇಕಂತೆ. ಹೋದ ತಾಳಿ ಯಾರಿಗೆ ವಾಪಸ್ ಬರತ್ತೇ, ಸುಮ್ನೆ ಹೂಂ ಅನ್ನೇ ಎಂದು ಅಮ್ಮ ದಿನವೂ ಅಳುತ್ತಾಳೆ.

ಹದಿನಾರರಲ್ಲಿ ಮದುವೆ ಮಾಡುವಾಗ ನನ್ನನ್ನು ಯಾರೂ ಕೇಳಿರಲಿಲ್ಲ. ಈ ಸಲ ಅಪ್ಪ ಕೇಳಿದರು. ಬದುಕಿದ್ದುಕೊಂಡೇ ನನ್ನನ್ನು ವಿಧವೆಯಾಗಿ ಕೂರಿಸಿದವರನ್ನು ಒಲ್ಲೆ ಎಂದೆ. ನಿಮಗೂ ಅದನ್ನೇ ಬರೆಯುತ್ತಿದ್ದೇನೆ. ನನಗೆ ಒಪ್ಪಿಗೆಯಿಲ್ಲ.

ಇತಿ,
ಅನಂತಸ್ವಾಮಿಯವರ ಮಗಳು
ಯದುಗಿರಿ

ಮತ್ತೊಂದು ಮಾತು: ಆ ದೊಡ್ಡ ಅಲೆಗಳ ಕಾಲ ಮುಗಿಯುವವರೆಗೆ ಶನಿವಾರ ಉಪವಾಸ ಹಿಡಿದಿದ್ದೇನೆ. ಅಮ್ಮ ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತೇನೆ. ಇದನ್ನೇ ಒಪ್ಪಿಗೆ ಎಂದುಕೊಂಡೀರಿ, ಜೋಕೆ.