ಟೆರೇಸಿನ ಓಡಾಟದ ಬಗ್ಗೆ

ಕೋಣನಕುಂಟೆ
ಶನಿವಾರ, ಮಧ್ಯಾಹ್ನ

ಸೋಮನಾಥ್ ಸಾರ್ ಅವರಿಗೆ ಎದುರು ಮನೆಯ ಜ್ಯೋತ್ಸ್ನಾ ಮಾಡುವ ನಮಸ್ಕಾರ.

ನಾವು ನಾಲ್ವರು ಹೆಂಗಸರು ಮಾನಸಿಕ ಕಾಯಿಲೆಗೆ ಆಸ್ಪತ್ರೆಯಲ್ಲಿದ್ದು ಬಂದವರು. ಈಗ ಒಟ್ಟಿಗೆ ಅಡುಗೆ ಮಾಡಿಕೊಂಡು ಈ ಬಾಡಿಗೆ ಮನೆಯಲ್ಲಿದ್ದೇವೆ. ನಿನ್ನೆ ನೀವು ಬಡಾವಣೆಯ ಸಂಘದ ಪರವಾಗಿ ಬಂದು, ನನ್ನ ಕಡೆ ನೋಡದೆ, ಉಳಿದ ಮೂವರಿಗೆ, "ಇವರು ದಿನಾ ಟೆರೇಸ್ ಮೇಲೆ ಓಡಾಡ್ತಾನೇ ಇರ್ತಾರೆ, ಜನ ಹೆದರ್ಕೋತಾರೆ, ಮನೆ ಖಾಲಿ ಮಾಡಿ" ಎಂದಿರಿ.

ಓಡಾಡುವುದು ನಿಜ. ಅದು ಕಾಯಿಲೆಯಿಂದಲ್ಲ, ಮಾತ್ರೆಯಿಂದ. ಕೂತರೆ ಕಾಲೊಳಗೆ ಇರುವೆ ಹರಿದಂತಾಗುತ್ತದೆ. ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದೆ. ಡಾಕ್ಟರಿಗೆ ಹೇಳಿದ ಮೇಲೆ ಮಾತ್ರೆ ಬದಲಿಸಿದ್ದಾರೆ, ಈಗ ಎಷ್ಟೋ ವಾಸಿ.

ನಿಮ್ಮ ಮಗಳು ಮೈಸೂರಿನಲ್ಲಿ ಓದುತ್ತಿದ್ದಾಳೆ ಎಂದು ನೀವು ಬೀದಿಗೆಲ್ಲ ಹೇಳಿದ್ದೀರಿ. ಅದು ನಿಜವಲ್ಲವೆಂದು ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ನಿಮ್ಮ ಮಹಡಿಯ ಕಿಟಕಿಯಲ್ಲಿ ಅವಳು ಆಚೆ ಈಚೆ ನಡೆಯುವುದು ನನಗೆ ಕಾಣುತ್ತದೆ. ಅದು ನನ್ನದೇ ನಡಿಗೆ ಸಾರ್, ಅಂಥದೇ ಮಾತ್ರೆಯದು. "ಒಂದ್ಕಡೆ ಕೂತ್ಕೋ" ಎಂದು ಗದರಬೇಡಿ, ಅವಳಿಗೆ ಆಗುವುದಿಲ್ಲ. ಮಾತ್ರೆಯನ್ನೂ ನಿಲ್ಲಿಸಬೇಡಿ, ಡಾಕ್ಟರಿಗೆ ಕಾಲಿನ ವಿಷಯ ಹೇಳಿ.

ಹದಿನೈದು ದಿನದಿಂದ, ನಾಲ್ಕು ಗಂಟೆಗೆ ನಾನು ಟೆರೇಸಿಗೆ ಬಂದರೆ ಅವಳೂ ಕಿಟಕಿಗೆ ಬರುತ್ತಾಳೆ. ನಾನು ತಿರುಗಿದಾಗ ಅವಳೂ ತಿರುಗುತ್ತಾಳೆ. ನಾವು ಹೋಗಲೇಬೇಕೆಂದರೆ ಹೋಗುತ್ತೇವೆ. ಅವಳಿಗೆ ಮಾತ್ರ ಮುಂಚೆಯೇ ಹೇಳಿಬಿಡಿ. ಇಲ್ಲದಿದ್ದರೆ ಕಾಯುತ್ತಾಳೆ.

ನಾಲ್ಕಾಗುತ್ತಾ ಬಂತು, ಮೇಲೆ ಹೋಗಬೇಕು.

ಜ್ಯೋತ್ಸ್ನಾ